ನೇತ್ರದಾಸೋಹಿ ಡಾಕ್ಟರ್ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು

ಲಿಂಗಪೂಜಾನಿಷ್ಠನಾದ ಭಕ್ತನಿಗೆ ಕಣ್ಣೆಂಬುದು ದಾರಿಯನ್ನು ನೋಡುವ ಇಂದ್ರಿಯ ಮಾತ್ರವಲ್ಲ. ಕರತಲದಲ್ಲಿ ಬಿಜಯಂಗೈಸಿಕೊಂಡ ಇಷ್ಟಲಿಂಗದಲ್ಲಿ ಎವೆಯಿಕ್ಕದೆ ದೃಷ್ಟಿಯನ್ನು ನಿಲ್ಲಿಸಿ, ಮನವನ್ನು ಅಲ್ಲಿಯೇ ನೆಲೆಗೊಳಿಸುವ ಸಾಧನೆಗೆ ಕಣ್ಣೇ ಹೆಬ್ಬಾಗಿಲು. ಇಳಿವಯಸ್ಸಿನಲ್ಲಿ ಪೊರೆ ಬೆಳೆದು ಆ ಬಾಗಿಲು ಮುಚ್ಚಿದಾಗ, ಅಂಗೈಯಲ್ಲಿರುವ ಲಿಂಗವನ್ನು ಬೆರಳಿನಿಂದ ತಡವಿ ಪೂಜೆ ಸಲ್ಲಿಸಬೇಕಾದ ವೃದ್ಧರ ಸಂಕಟವನ್ನು ಕಂಡವರೇ ಬಲ್ಲರು. ಅಂತಹ ಲಕ್ಷಾಂತರ ಜನರ ಮುಚ್ಚಿದ ಬಾಗಿಲನ್ನು ತೆರೆದ ಮಹನೀಯರಲ್ಲಿ ಡಾಕ್ಟರ್ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಅಗ್ರಗಣ್ಯರು. ಅವರ ಜೀವಿತವನ್ನು ಸ್ಮರಿಸುವುದು ಈ ಮಹೋತ್ಸವ ಸಂದರ್ಭಕ್ಕೆ ಉಚಿತವೇ ಆಗಿದೆ.

ಬಳ್ಳಾರಿ ಸೀಮೆಯು 1953ನೆಯ ಇಸವಿ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ಬಳ್ಳಾರಿಯ ವೈದ್ಯಕೀಯ ಕಾಲೇಜು ಪ್ರಾರಂಭವಾದುದು 1961ರಲ್ಲಿ. ಅದಕ್ಕೆ ಮುಂಚೆ ಸಿರುಗುಪ್ಪದ ಕಡೆಯ ಬತ್ತದ ಗದ್ದೆಗಳಲ್ಲಿ ದುಡಿದು ಹಣ್ಣಾದ ರೈತನಾಗಲಿ, ಕುರುಗೋಡಿನ ಕಡೆಯ ಎರೆಹೊಲಗಳಲ್ಲಿ ಕಳೆ ತೆಗೆದು ಬೆನ್ನು ಬಾಗಿದ ತಾಯಿಯಾಗಲಿ, ಕಣ್ಣು ಮಸುಕಾದರೆ ಅದನ್ನು ಮುಪ್ಪಿನ ಫಲವೆಂದು ಅಥವಾ ಪೂರ್ವಕರ್ಮವೆಂದು ತಿಳಿದು ಮೂಲೆಯಲ್ಲಿ ಕುಳಿತುಬಿಡುವುದೇ ವಾಡಿಕೆಯಾಗಿತ್ತು. ದೊಡ್ಡಬಸವೇಶ್ವರನ ತೇರಿಗೆ ಮೊಮ್ಮಗನ ಕೈಹಿಡಿದು ಹೋಗಿ, ಗದ್ದಲವನ್ನು ಕಿವಿಯಿಂದ ಕೇಳಿ, ತೇರನ್ನು ಕಾಣದೆ ಹಿಂದಿರುಗುವವರು ಯಾವ ಊರಿನಲ್ಲಿ ಇರಲಿಲ್ಲ! ಪಟ್ಟಣದ ಆಸ್ಪತ್ರೆಯೆಂದರೆ ಬಂಡಿಯ ಪ್ರಯಾಣ, ಖರ್ಚು, ಜೊತೆಯವರ ಕೂಲಿ ನಷ್ಟ; ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಕತ್ತಿ ಹಾಕುವರೆಂಬ ಭಯ. ಈ ಭಯವು ನಿರಾಧಾರವೂ ಆಗಿರಲಿಲ್ಲ. ಸೂಜಿಯಿಂದ ಚುಚ್ಚಿ ಪೊರೆಯನ್ನು ಕಣ್ಣಿನ ಹಿಂಭಾಗಕ್ಕೆ ತಳ್ಳುವ ಅಲೆಮಾರಿ ಕಣ್ಣುವೈದ್ಯರು ನಮ್ಮ ದೇಶದಲ್ಲಿ ಬಹುಕಾಲ ಇದ್ದರು. ಅವರ ಕೈಗೆ ಸಿಕ್ಕವರಲ್ಲಿ ನಾಲ್ಕು ದಿನ ಬೆಳಕು ಕಂಡು, ಬಳಿಕ ಕೀವುಗಟ್ಟಿ ಕಣ್ಣನ್ನೇ ಕಳೆದುಕೊಂಡವರು ಅನೇಕರು.

ಹೀಗೆ ರೋಗಿಯು ವೈದ್ಯನ ಬಳಿಗೆ ಹೋಗಲಾರದಿದ್ದ ಕಾಲದಲ್ಲಿ ವೈದ್ಯನೇ ರೋಗಿಯ ಬಳಿಗೆ ಹೋಗತಕ್ಕದ್ದೆಂಬ ಸಂಕಲ್ಪವನ್ನು ಮೋದಿಯವರು ತಳೆದರು. ಅವರು ಅಂದಿನ ವಿಜಾಪುರ ಜಿಲ್ಲೆಯ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ, ಬೀಳಗಿಯಲ್ಲಿ 1916ರಲ್ಲಿ ಜನಿಸಿದರು. ನೇತ್ರವೈದ್ಯವನ್ನು ವೃತ್ತಿಯಾಗಿ ಹಿಡಿದ ಅವರ ಬಾಳಿಗೆ ತಿರುವು ಬಂದುದು 1942ರಲ್ಲಿ, ಚಲೇಜಾವ್ ಚಳುವಳಿಯ ಸಮಯದಲ್ಲಿ. ಮುಂಬಯಿಯಲ್ಲಿ ಮಹಾತ್ಮ ಗಾಂಧಿಯವರ ಭಾಷಣವನ್ನು ಕೇಳಿದ ಆ ತರುಣ ವೈದ್ಯರು ಹಳ್ಳಿಗಳ ಬಡಜನರ ಸೇವೆಗೆ ತಮ್ಮನ್ನು ಒಪ್ಪಿಸಿಕೊಳ್ಳಲು ನಿಶ್ಚಯಿಸಿದರು. ಮರುವರ್ಷ, 1943ರಲ್ಲಿ, ಗುಜರಾತಿನ ಪಾಟಣದಲ್ಲಿ ಉಚಿತ ಸಾಮೂಹಿಕ ನೇತ್ರಚಿಕಿತ್ಸೆಯನ್ನು ನಡೆಯಿಸಿ ತಮ್ಮ ವ್ರತಕ್ಕೆ ನಾಂದಿ ಹಾಡಿದರು. ಅಂದಿನಿಂದ ಅರ್ಧ ಶತಮಾನ ಪರ್ಯಂತ ಅವರು ಊರಿಂದೂರಿಗೆ ಸಂಚರಿಸಿದರು. ಜಂಗಮವೆಂದರೆ ಚಲಿಸುವಂಥಾದ್ದು ಎಂಬ ಅರ್ಥವನ್ನು ಬಲ್ಲ ನಮ್ಮ ಜನರಿಗೆ ಈ ಸಂಚಾರದ ಮಹತ್ವವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಅಂತಹ ನೇತ್ರಶಿಬಿರದ ಕ್ರಮವು ತಿಳಿದುಕೊಳ್ಳತಕ್ಕದ್ದಾಗಿದೆ. ಕಣ್ಣಿನ ಒಳಗಿನ ಪಾರದರ್ಶಕವಾದ ಮಸೂರವು ವಯೋಧರ್ಮದಿಂದ ಬೆಳ್ಳಗಾಗಿ ಬೆಳಕನ್ನು ತಡೆಯುವುದೇ ಪೊರೆ. ಕಣ್ಣಿನ ಅಂಚಿನಲ್ಲಿ ಸೀಳನ್ನು ಮಾಡಿ ಆ ಮಸೂರವನ್ನೇ ಹೊರತೆಗೆಯುವುದು ಆ ಕಾಲದ ಚಿಕಿತ್ಸೆ. ರೋಗಿಗಳನ್ನು ಮೊದಲು ಪರೀಕ್ಷಿಸಿ, ಯೋಗ್ಯರಾದವರನ್ನು ಆರಿಸಿ, ಕಣ್ಣನ್ನು ತೊಳೆದು, ನೋವು ತಿಳಿಯದಂತೆ ಔಷಧಿಯನ್ನು ಕೊಟ್ಟು, ಸಾಲಾಗಿ ಇರಿಸಿದ ಮೇಜುಗಳ ಮೇಲೆ ಮಲಗಿಸುವರು. ವೈದ್ಯರು ಒಂದು ಮೇಜಿನ ಕೆಲಸವನ್ನು ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅಲ್ಲಿಯ ರೋಗಿ ಸಿದ್ಧನಾಗಿರುವನು. ಈ ಏರ್ಪಾಟಿನಿಂದ ಮೋದಿಯವರು ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ನೆರವೇರಿಸಿ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಹೆಸರು ಪಡೆದರು.

ಆದರೆ ಹಸ್ತಕೌಶಲ ಒಂದರಿಂದಲೇ ಈ ಕಾರ್ಯವು ಸಾಧ್ಯವಾಗುತ್ತಿತ್ತೆಂದು ಎಣಿಸಕೂಡದು. ಈ ಚಿಕಿತ್ಸೆಯಲ್ಲಿ ರೋಗಿಗೆ ನಿದ್ರೆ ಬರಿಸುವ ಔಷಧಿಯಿಲ್ಲ. ಅವನು ಎಚ್ಚರವಾಗಿದ್ದು ಎಲ್ಲವನ್ನೂ ಕೇಳುತ್ತಿರುವನು. ನೋವು ತಿಳಿಯದಿದ್ದರೂ ಸ್ಪರ್ಶ ತಿಳಿಯುವುದು. ಆತನು ಬೆಚ್ಚಿ ತಲೆಯನ್ನು ಅಲುಗಿಸಿದರೆ, ಕೆಮ್ಮಿದರೆ, ಕಣ್ಣನ್ನು ಬಿಗಿದರೆ, ಎಷ್ಟು ನಿಪುಣನಾದ ವೈದ್ಯನ ಕೈಯಲ್ಲಿಯೂ ಕಣ್ಣು ಕೆಡಬಹುದು. ಆದುದರಿಂದ ಇಲ್ಲಿ ಸಮಾಧಾನದ ಮಾತು ವೈದ್ಯನ ಸೌಜನ್ಯ ಮಾತ್ರವಲ್ಲ, ಚಿಕಿತ್ಸೆಯ ಒಂದು ಅಂಗವೇ ಸರಿ. ಕತ್ತಲೆಯಲ್ಲಿ ಮಲಗಿರುವ ವೃದ್ಧನಿಗೆ ವೈದ್ಯನ ಮುಖ ಕಾಣದು. ಅವನ ಪಾಲಿಗೆ ವೈದ್ಯನೆಂದರೆ ಒಂದು ಧ್ವನಿ ಮತ್ತು ಹಣೆಯ ಮೇಲಿನ ಒಂದು ಕೈ. ಆ ಧ್ವನಿಯಲ್ಲಿ ತನ್ನವರ ಮಾತಿನ ಹದವಿದ್ದರೆ ಹೆದರಿದ ಜೀವವು ಅಲುಗದೆ ಮಲಗುವುದು.

ಶಸ್ತ್ರಚಿಕಿತ್ಸೆಯ ತರುವಾಯದ ದಿನಗಳೂ ಸುಲಭವಾದವಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ ರೋಗಿಯು ಹಲವು ದಿನ ಮಿಸುಕದೆ ಮಲಗಿರಬೇಕು. ಉಣಿಸುವವರು, ನೀರು ಕುಡಿಸುವವರು, ರಾತ್ರಿಯಲ್ಲಿ ಎದ್ದು ಕುಳಿತುಕೊಳ್ಳದಂತೆ ನೋಡಿಕೊಳ್ಳುವವರು ಬೇಕು. ಊರವರ ಅನ್ನದಾಸೋಹ, ಸ್ವಯಂಸೇವಕರ ಶುಶ್ರೂಷೆ ಇವು ವೈದ್ಯರ ಕೈಗೆ ಆಸರೆಯಾದವು. ಪಟ್ಟಿಯನ್ನು ಬಿಚ್ಚುವ ದಿವಸವಂತೂ ಹಬ್ಬವೇ. ತಾನು ಧ್ವನಿಯಿಂದ ಮಾತ್ರ ಬಲ್ಲ ಮೊಮ್ಮಗುವಿನ ಮೋರೆಯನ್ನು ಮೊದಲ ಸಲ ಕಂಡ ಅಜ್ಜಿಯ ಹರ್ಷವನ್ನು ಅಳೆಯುವ ಮಾಪು ಯಾವುದಿದೆ?

1993ರ ಫೆಬ್ರವರಿಯವರೆಗಿನ ಲೆಕ್ಕದ ಪ್ರಕಾರ ಮೋದಿಯವರು ಸಂದರ್ಶಿಸಿದ ಗ್ರಾಮಗಳು 46,120. ನೋಡಿದ ರೋಗಿಗಳು 1,21,18,630. ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಐವತ್ತು ವರ್ಷಗಳಿಗೆ ಹಂಚಿದರೆ ದಿನವೊಂದಕ್ಕೆ ಸುಮಾರು ಮೂವತ್ತಮೂರು ಶಸ್ತ್ರಚಿಕಿತ್ಸೆಗಳಾಗುವವು. ಈ ಅಂಕಿಗಳಲ್ಲಿ ಇನ್ನೊಂದು ಮರ್ಮವೂ ಅಡಗಿದೆ. ಅವರ ಮುಂದೆ ಬಂದ ಇಪ್ಪತ್ತು ಮಂದಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರು ಒಬ್ಬರು ಮಾತ್ರ. ಉಳಿದ ಹತ್ತೊಂಬತ್ತು ಮಂದಿಗೆ ದೊರೆತುದು ಅವರ ನೋಟ ಮತ್ತು ಮಾತು. ಅಷ್ಟನ್ನು ಕೊಡುವುದಕ್ಕೂ ಅವರು ಊರೂರಿಗೆ ಹೋದರು. ಭಾರತ ಸರಕಾರವು 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ಇತ್ತು ಅವರನ್ನು ಗೌರವಿಸಿತು.

ಗುಣಗ್ರಾಹಿಗಳಾದವರು ಗುಣದೊಡನೆ ಮಿತಿಯನ್ನೂ ಅರಿಯಬೇಕು. ಮಸೂರವನ್ನು ಕಳೆದುಕೊಂಡ ಕಣ್ಣಿಗೆ ದಪ್ಪಗಾಜಿನ ಕನ್ನಡಕವಿಲ್ಲದೆ ದೃಷ್ಟಿ ಸ್ಪಷ್ಟವಾಗದು. ಆ ಕನ್ನಡಕವು ಒಡೆದರೆ ಬಡವನು ಮತ್ತೆ ಮಬ್ಬಿನಲ್ಲಿಯೇ ಉಳಿಯುವನು. ಶಿಬಿರವು ಊರನ್ನು ಬಿಟ್ಟು ಹೋದ ಮೇಲೆ ಕಣ್ಣು ಕೆಂಪಾದರೆ ತೋರಿಸುವುದಕ್ಕೆ ಸಮೀಪದಲ್ಲಿ ಯಾರೂ ಇಲ್ಲದಿರುವುದೂ ಉಂಟು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು. ಕಾಲಕ್ರಮದಲ್ಲಿ ಕಣ್ಣಿನೊಳಗೇ ಕೃತಕ ಮಸೂರವನ್ನು ಇರಿಸುವ ವಿಧಾನವು ಬಳಕೆಗೆ ಬಂದು, ಶಸ್ತ್ರಚಿಕಿತ್ಸೆಯು ಚಪ್ಪರ ಶಾಲೆಗಳನ್ನು ಬಿಟ್ಟು ಆಸ್ಪತ್ರೆಗಳನ್ನು ಸೇರಿತು. ಇದು ಹಿತಕರವಾದ ಬದಲಾವಣೆಯೇ. ಆದರೂ ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ, ಕತ್ತಲೆಯೇ ಗತಿಯೆಂದಿದ್ದವರಿಗೆ ದಪ್ಪಗಾಜಿನ ಬೆಳಕಾದರೂ ದೊರೆತುದು ಅಲ್ಪವಲ್ಲ. ಪೊರೆಗೆ ಪರಿಹಾರವುಂಟೆಂಬ ನಂಬಿಕೆಯನ್ನು ಹಳ್ಳಿಗಳಲ್ಲಿ ಬಿತ್ತಿದವರು ಇಂತಹ ಸಂಚಾರಿಗಳು. ಆಸ್ಪತ್ರೆಯ ಬಾಗಿಲಿಗೆ ಇಂದು ಜನರು ಭಯವಿಲ್ಲದೆ ಬರುತ್ತಿರುವುದರಲ್ಲಿ ಆ ಬಿತ್ತನೆಯ ಫಲವೂ ಸೇರಿದೆ.

ಮೋದಿಯವರು 2005ನೆಯ ಇಸವಿ ನವೆಂಬರ್ 11ರಂದು, ತೊಂಬತ್ತರ ಸಮೀಪದ ವಯಸ್ಸಿನಲ್ಲಿ, ಇಹದ ಕಾಯಕವನ್ನು ಮುಗಿಸಿದರು. ಬೆಂಗಳೂರಿನ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಅವರ ಸೇವೆಯು ಆರು ಲಕ್ಷವನ್ನು ಮೀರಿತೆಂಬುದು ಲೋಕದ ಲೆಕ್ಕ. ಮೇಜಿನ ಮೇಲೆ ಮಲಗಿದವನಿಗಾದರೋ ಇದ್ದುದು ತನ್ನ ಒಂದು ಜೊತೆ ಕಣ್ಣು ಮಾತ್ರ. ಅವನಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಸಾಲಿನ ಕೊನೆಯವನ ಕಣ್ಣನ್ನೂ ಮೊದಲನೆಯವನ ಕಣ್ಣಿನಂತೆಯೇ ಕಾಣುವುದು ವೈದ್ಯನ ಧರ್ಮ, ಪಂಕ್ತಿಯ ಕೊನೆಯವನಿಗೂ ಸಮನಾಗಿ ಬಡಿಸುವುದು ದಾಸೋಹದ ಧರ್ಮ. ಇವೆರಡೂ ಒಂದೇ ಎಂಬುದನ್ನು ಈ ಮಹನೀಯರ ಜೀವಿತವು ತೋರಿಸುತ್ತಿದೆ. ಮನೆಯ ಮೂಲೆಯಲ್ಲಿ ಕಣ್ಣು ಮಸುಕಾಗಿ ಕುಳಿತ ಹಿರಿಯರನ್ನು ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವ ಭಕ್ತನೂ ಈ ನೇತ್ರದಾಸೋಹದಲ್ಲಿ ಪಾಲುಗೊಂಡಂತೆಯೇ ಸರಿ.