ರಾಶಿ (ಡಾ. ಎಂ. ಶಿವರಾಂ)

ಡಾ. ಎಂ. ಶಿವರಾಂ (1905–1984) ಕನ್ನಡದ ಹೆಸರಾಂತ ಹಾಸ್ಯಸಾಹಿತಿ, ವೈದ್ಯ ಹಾಗೂ ಪತ್ರಿಕಾ ಸಂಪಾದಕರು. ‘ರಾಶಿ’ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಇವರು 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಸ್ಥಾಪಿಸಿದರು. 1967ರವರೆಗೆ ಪ್ರಕಟವಾದ ಈ ಪತ್ರಿಕೆಯು ಬರಹ ಮತ್ತು ವ್ಯಂಗ್ಯಚಿತ್ರಗಳೆರಡಕ್ಕೂ ಸಮಾನ ಸ್ಥಾನ ನೀಡಿದ ಪ್ರಯೋಗವೆಂದು ಕನ್ನಡ ಪತ್ರಿಕೋದ್ಯಮದ ಇತಿಹಾಸದಲ್ಲಿ ಗಮನಾರ್ಹವಾಗಿದೆ. ‘ಮನಮಂಥನ’ ಕೃತಿಗೆ ಇವರು 1976ನೆಯ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

ಹೆಸರು

ಶಿವರಾಮ ಎಂಬುದು ಕರ್ನಾಟಕದಲ್ಲಿ ಬಹಳ ಬಳಕೆಯಲ್ಲಿರುವ ಹೆಸರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಪ್ರಶಸ್ತಿ ಪಡೆದ ಕೋಟ ಶಿವರಾಮ ಕಾರಂತರು (1902–1997) ಹಾಗೂ ಚಲನಚಿತ್ರ ನಟ ಶಿವರಾಂ (1938–2021) ಇದೇ ಹೆಸರಿನ ಇನ್ನಿಬ್ಬರು ಪ್ರಸಿದ್ಧರು. ಕಾರಂತರೂ ರಾಶಿಯವರೂ ಸಮಕಾಲೀನರಾದುದರಿಂದ ವಿದ್ಯಾರ್ಥಿಗಳು ಇವರಿಬ್ಬರನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳುವುದು ಅಗತ್ಯ. ಹೆಸರಿನ ‘ಶಿ’ ಮತ್ತು ‘ರಾ’ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ‘ರಾಶಿ’ ಆಗುತ್ತದೆ. ಧಾನ್ಯದ ರಾಶಿ, ಜಾತಕದ ರಾಶಿ ಎಂಬ ಅರ್ಥಗಳನ್ನೂ ಹೊತ್ತ ಈ ಎರಡಕ್ಷರದ ಪದವು ಕಣಿ ಹೇಳುವ ಕೊರವಂಜಿಯ ಸಂಪಾದಕರಿಗೆ ಚೆನ್ನಾಗಿಯೇ ಒಪ್ಪುತ್ತದೆ.

ವೈದ್ಯವೃತ್ತಿ

ಶಿವರಾಂ ಅವರು ವೃತ್ತಿಯಿಂದ ವೈದ್ಯರು. ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ಅವರ ಚಿಕಿತ್ಸಾಲಯವಿತ್ತು. ರೋಗಿಗಳ ದೇಹಸ್ಥಿತಿಯ ಜೊತೆಗೆ ಮನಃಸ್ಥಿತಿಯೂ ಅವರ ಆಸಕ್ತಿಯ ವಿಷಯವಾಗಿತ್ತು. ಈ ಆಸಕ್ತಿಯೇ ಮುಂದೆ ಮನೋವಿಜ್ಞಾನವನ್ನು ಕುರಿತ ಅವರ ಬರವಣಿಗೆಗೆ ಆಧಾರವಾಯಿತು.

ಕೊರವಂಜಿ

ಬಗಲಲ್ಲಿ ಬುಟ್ಟಿ, ಕೈಯಲ್ಲಿ ಕೋಲು ಹಿಡಿದು ಮನೆಮನೆಗೆ ಬಂದು ಕಣಿ ಹೇಳುವ ಕೊರವ ಸಮುದಾಯದ ಹೆಂಗಸನ್ನು ಕೊರವಂಜಿ ಎನ್ನುತ್ತಾರೆ. ಯಕ್ಷಗಾನ ಮತ್ತು ಬಯಲಾಟಗಳಲ್ಲಿಯೂ ಈ ಪಾತ್ರವುಂಟು. ಅರಮನೆಯೆನ್ನದೆ ಗುಡಿಸಲೆನ್ನದೆ ಎಲ್ಲೆಡೆ ಹೊಕ್ಕು, ಕೈ ನೋಡಿ, ಇದ್ದದ್ದನ್ನು ಇದ್ದಂತೆ ಹೇಳಬಲ್ಲ ಈಕೆಯ ಹೆಸರು ವಿಡಂಬನ ಪತ್ರಿಕೆಗೆ ಸಹಜವಾಗಿ ಹೊಂದಿಕೊಂಡಿತು.

ಪತ್ರಿಕೆ ಆರಂಭವಾದ 1942ನೆಯ ವರ್ಷವು ಅನುಕೂಲದ ಕಾಲವಾಗಿರಲಿಲ್ಲ. ಎರಡನೆಯ ಮಹಾಯುದ್ಧ ನಡೆದಿತ್ತು, ಕಾಗದ ದುರ್ಲಭವಾಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿಯೂ ಆರಂಭವಾಯಿತು. ಆಗಿನ ಮುದ್ರಣಾಲಯಗಳಲ್ಲಿ ಬರಹವನ್ನು ಅಚ್ಚುಮೊಳೆಗಳಿಂದ ಕೈಯಲ್ಲಿಯೇ ಜೋಡಿಸಬೇಕಿತ್ತು. ಚಿತ್ರವಾದರೆ ಅದಕ್ಕೆ ಪ್ರತ್ಯೇಕ ಲೋಹದ ಬ್ಲಾಕ್ ಮಾಡಿಸಬೇಕಿತ್ತು; ಚಿತ್ರ ಹೆಚ್ಚಿದಷ್ಟೂ ವೆಚ್ಚ ಹೆಚ್ಚುತ್ತಿತ್ತು. ಇಂತಹ ಸ್ಥಿತಿಯಲ್ಲಿ ಹಾಸ್ಯಕ್ಕೂ ವ್ಯಂಗ್ಯಚಿತ್ರಕ್ಕೂ ಮೀಸಲಾದ ಮಾಸಪತ್ರಿಕೆಯನ್ನು ಹೊರತರುವುದು ವೃತ್ತಿನಿರತ ವೈದ್ಯರೊಬ್ಬರಿಗೆ ಸಾಹಸದ ಕೆಲಸವೇ ಆಗಿತ್ತು.

ಇತರ ಪತ್ರಿಕೆಗಳಲ್ಲಿ ಹಾಸ್ಯವು ಪುಟ ತುಂಬಿಸುವ ನಗೆಹನಿಯ ರೂಪದಲ್ಲಿ ಬರುತ್ತಿದ್ದುದು ಸಾಮಾನ್ಯ. ಕೊರವಂಜಿಯಲ್ಲಿ ಅದೇ ಮುಖ್ಯ ವಸ್ತುವಾಯಿತು. ಲಘುಪ್ರಬಂಧ, ಅಣಕು ಬರಹ, ವಿಡಂಬನೆ, ಚುಟುಕ, ವ್ಯಂಗ್ಯಚಿತ್ರ ಎಲ್ಲವೂ ಅದರಲ್ಲಿ ಒಂದೇ ಹೊದಿಕೆಯೊಳಗೆ ಸೇರಿದವು.

ಬೆಳೆಸಿದ ಪ್ರತಿಭೆಗಳು

ಮೈಸೂರಿನ ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಕೆ. ಲಕ್ಷ್ಮಣ್ (1921–2015) ಅವರ ಆರಂಭದ ವ್ಯಂಗ್ಯಚಿತ್ರಗಳಲ್ಲಿ ಕೆಲವು ಕೊರವಂಜಿಯಲ್ಲಿ ಪ್ರಕಟವಾದವು. ಶಿವರಾಂ ಅವರು ಈ ತರುಣ ಕಲಾವಿದರಿಗೆ ಪ್ರೋತ್ಸಾಹ ನೀಡಿದರು. ಮುಂದೆ ಲಕ್ಷ್ಮಣ್ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಸೇರಿ, ‘ಶ್ರೀಸಾಮಾನ್ಯ’ನ ಚಿತ್ರಗಳ ಮೂಲಕ ದೇಶದಾದ್ಯಂತ ಖ್ಯಾತರಾದರು.

ಕೇರಳದಲ್ಲಿ ಹುಟ್ಟಿ, ಮಲಯಾಳವನ್ನು ಮನೆಮಾತಾಗಿ ಪಡೆದಿದ್ದರೂ ಕನ್ನಡದಲ್ಲಿ ಹಾಸ್ಯ ಬರೆದ ನಾ. ಕಸ್ತೂರಿಯವರು (1897–1987) ಪತ್ರಿಕೆಯ ಪ್ರಮುಖ ಲೇಖಕರಲ್ಲಿ ಒಬ್ಬರು. ಪದಗಳಿಗೆ ನಿಘಂಟಿನಲ್ಲಿಲ್ಲದ ಅರ್ಥಗಳನ್ನು ಹಚ್ಚಿದ ಅವರ ‘ಅನರ್ಥಕೋಶ’ ಇಂದಿಗೂ ಪ್ರಸಿದ್ಧ. ಹೆಂಗಸರು ಹಾಸ್ಯ ಬರೆಯುವುದು ಅಪರೂಪವಾಗಿದ್ದ ಕಾಲದಲ್ಲಿ ಟಿ. ಸುನಂದಮ್ಮನವರ (1917–2006) ಬರಹಗಳಿಗೂ ಕೊರವಂಜಿ ವೇದಿಕೆಯಾಯಿತು. ಗಂಡ, ಹೆಂಡತಿ, ಅಡುಗೆಮನೆ, ನೆರೆಹೊರೆ ಇವು ಸುನಂದಮ್ಮನವರ ಹಾಸ್ಯದ ವಸ್ತುಗಳಾಗಿದ್ದವು.

ಮನಮಂಥನ

ಹಾಸ್ಯಸಾಹಿತಿಯೆಂದು ಹೆಸರಾದ ಶಿವರಾಂ ಅವರಿಗೆ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟದ್ದು ಹಾಸ್ಯಕೃತಿಯಲ್ಲ. ಮನಸ್ಸಿನ ವ್ಯಾಪಾರಗಳನ್ನೂ ಮನೋರೋಗಗಳನ್ನೂ ಕುರಿತ ‘ಮನಮಂಥನ’. ಮನೋರೋಗವನ್ನು ದೆವ್ವದ ಕಾಟವೆಂದೋ ಮನೆತನಕ್ಕೆ ಕಳಂಕವೆಂದೋ ಮುಚ್ಚಿಡುತ್ತಿದ್ದ ಸಮಾಜದಲ್ಲಿ, ಅದನ್ನು ಕುರಿತು ಸಾಮಾನ್ಯ ಓದುಗರಿಗೆ ಕನ್ನಡದಲ್ಲಿಯೇ ತಿಳಿಸುವ ಇಂತಹ ಪ್ರಯತ್ನಕ್ಕೆ ವಿಶೇಷ ಬೆಲೆಯುಂಟು. ಮನುಷ್ಯಸ್ವಭಾವದ ವಕ್ರತೆಗಳನ್ನು ಹಾಸ್ಯಗಾರನು ನಗುವಿಗೆ ವಸ್ತುವಾಗಿಸಿದರೆ, ವೈದ್ಯನು ಅವುಗಳ ಕಾರಣವನ್ನು ಹುಡುಕುತ್ತಾನೆ. ಶಿವರಾಂ ಅವರಲ್ಲಿ ಈ ಎರಡು ದೃಷ್ಟಿಗಳೂ ಕೂಡಿದ್ದವು.

ಕೊನೆಯ ವರ್ಷಗಳು ಮತ್ತು ಪ್ರಭಾವ

ಇಪ್ಪತ್ತೈದು ವರ್ಷಗಳ ಬಳಿಕ, 1967ರಲ್ಲಿ, ಕೊರವಂಜಿಯ ಪ್ರಕಟಣೆ ನಿಂತಿತು. 1980ರ ದಶಕದಲ್ಲಿ ಅದೇ ಪರಂಪರೆಯನ್ನು ಮುಂದುವರಿಸುವ ಉದ್ದೇಶದಿಂದ ‘ಅಪರಂಜಿ’ ಎಂಬ ಹಾಸ್ಯಪತ್ರಿಕೆ ಆರಂಭವಾಯಿತು. ಶಿವರಾಂ ಅವರು 1984ರಲ್ಲಿ ನಿಧನರಾದರು.

ಕನ್ನಡದಲ್ಲಿ ಹಾಸ್ಯವನ್ನು ಸಾಹಿತ್ಯದ ಒಂದು ಗಂಭೀರ ಪ್ರಕಾರವಾಗಿ ಬೆಳೆಸಿದವರಲ್ಲಿ ರಾಶಿಯವರ ಹೆಸರು ಮುಖ್ಯವಾದುದು. ಸ್ವತಃ ಬರೆದದ್ದರಷ್ಟೇ, ಇತರರಿಂದ ಬರೆಸಿದ್ದು ಮತ್ತು ಚಿತ್ರ ಬಿಡಿಸಿದ್ದು ಅವರ ಕೊಡುಗೆಯೆಂದು ಪರಿಗಣಿತವಾಗಿದೆ.