ಕನ್ನಡದ ಕಣ್ವ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು

ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯಲ್ಲಿ ನಾಡಿನ ಹಿರಿಯರೊಬ್ಬರ ಚರಿತೆಯನ್ನು ನೆನೆಯುವುದು ಸಂಘಸಂಸ್ಥೆಗಳಲ್ಲಿ ನಡೆದುಬಂದ ಪದ್ಧತಿ. ಕೊಯಮತ್ತೂರು ಮತ್ತು ತಿರುಪ್ಪೂರು ಸೀಮೆಯ ಕನ್ನಡಿಗರಾದ ನಾವು ಈ ಸಲ ಆಚಾರ್ಯ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರನ್ನು ನೆನೆಯಲು ವಿಶೇಷ ಕಾರಣವುಂಟು. ಹೊಸಗನ್ನಡ ಕಾವ್ಯದ ಪ್ರವರ್ತಕರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅವರ ಬಾಳಿನ ಬಹುಭಾಗ ಕಾವ್ಯರಚನೆಯಲ್ಲಿ ಸಂದುದಲ್ಲ. ವಿದ್ವಾಂಸರ ಕೋಣೆಯಲ್ಲಿದ್ದ ವಿದ್ಯೆಯನ್ನು ಜನರ ಮಾತಿನಲ್ಲಿ ಜನರ ಮುಂದಿಡುವ ಕೆಲಸದಲ್ಲಿ ಸಂದಿತು. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳುವ ಬಗೆ ಯಾವುದೆಂದು ಚಿಂತಿಸುವವರಿಗೆ ಆ ಕೆಲಸವೇ ದಾರಿದೀಪವಾಗಿದೆ.

ಶ್ರೀಕಂಠಯ್ಯನವರು 1884ನೆಯ ಇಸವಿ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ತಂದೆ ಮೈಲಾರಯ್ಯನವರು, ತಾಯಿ ಭಾಗೀರಥಮ್ಮನವರು. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಬಾಲ್ಯದ ವ್ಯಾಸಂಗ ಕಾವೇರೀತೀರದ ಶ್ರೀರಂಗಪಟ್ಟಣದಲ್ಲಿ ನಡೆಯಿತು. ಮುಂದಿನದು ಮೈಸೂರು, ಬೆಂಗಳೂರುಗಳಲ್ಲಿ. ಅಂದು ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯವಿರಲಿಲ್ಲ. ಮೈಸೂರಿನ ವಿದ್ಯಾರ್ಥಿಯೂ ಕೊಯಮತ್ತೂರಿನ ವಿದ್ಯಾರ್ಥಿಯೂ ಮದರಾಸು ವಿಶ್ವವಿದ್ಯಾನಿಲಯದ ಪದವಿಯನ್ನೇ ಪಡೆಯಬೇಕಾಗಿದ್ದಿತು. ಶ್ರೀಕಂಠಯ್ಯನವರೂ ಮದರಾಸಿಗೆ ತೆರಳಿ ನ್ಯಾಯಶಾಸ್ತ್ರದ ಪದವಿಯನ್ನೂ ಎಂ. ಎ. ಪದವಿಯನ್ನೂ ಸಂಪಾದಿಸಿದರು. ಆಮೇಲೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ನೆಲೆನಿಂತರು.

ಇಂಗ್ಲಿಷ್ ಸಾಹಿತ್ಯವನ್ನು ಅವರು ಪಾಠ ಹೇಳುತ್ತಿದ್ದ ರೀತಿಯನ್ನು ಅವರ ಶಿಷ್ಯರು ಬಾಳಿನುದ್ದಕ್ಕೂ ನೆನೆದರು. ಆ ಕಾಲದಲ್ಲಿ ಇಂಗ್ಲಿಷ್ ಅಧ್ಯಾಪಕನೆಂದರೆ ಸಮಾಜದಲ್ಲಿ ದೊಡ್ಡ ಮನ್ನಣೆ. ವಿದ್ಯಾವಂತರು ಸಭೆಯಲ್ಲಿ ಕನ್ನಡದಲ್ಲಿ ಮಾತನಾಡುವುದನ್ನು ತಮ್ಮ ಅಂತಸ್ತಿಗೆ ಕುಂದೆಂದು ಎಣಿಸುತ್ತಿದ್ದರು. ಕನ್ನಡ ಮನೆಯೊಳಗಿನ ಮಾತು, ಪುರಾಣ ಹರಿಕಥೆಗಳ ಮಾತು. ಶಾಸ್ತ್ರ, ವಿಜ್ಞಾನ, ರಾಜ್ಯನೀತಿಗಳಿಗೆ ಇಂಗ್ಲಿಷೇ ಗತಿ ಎಂಬ ನಂಬಿಕೆ ಬೇರೂರಿದ್ದಿತು. ಇಂಥ ಕಾಲದಲ್ಲಿ 1911ರಲ್ಲಿ, ಇನ್ನೂ ಇಪ್ಪತ್ತೇಳರ ಪ್ರಾಯದ ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಆಶ್ರಯದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆ ಎಂಬ ವಿಷಯವಾಗಿ ಉಪನ್ಯಾಸ ಮಾಡಿದರು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಹಳಗನ್ನಡದ ಸಿರಿಯನ್ನು ಗೌರವಿಸುತ್ತಲೇ ಜನರಾಡುವ ಜೀವಂತ ಭಾಷೆಗೆ ಬರೆವಣಿಗೆ ಹತ್ತಿರವಾಗಬೇಕು, ಹೊರಗಿನ ಸಾಹಿತ್ಯದ ಸಾರವನ್ನು ಕನ್ನಡಕ್ಕೆ ತಂದುಕೊಳ್ಳಬೇಕು, ಕಲಿತವರು ಕನ್ನಡವನ್ನು ಕೈಬಿಡಬಾರದು ಎಂಬುದು ಅವರ ವಾದದ ತಿರುಳು. ಆ ಒಂದು ಉಪನ್ಯಾಸ ಮುಂದಿನ ಮೂವತ್ತೈದು ವರ್ಷಗಳ ಅವರ ದುಡಿಮೆಗೆ ಪೀಠಿಕೆಯಾಯಿತು.

ಸಾರ್ವಜನಿಕ ಉಪನ್ಯಾಸದಿಂದ ವಿದ್ಯೆಯನ್ನು ಹರಡುವ ಪ್ರಯತ್ನ ಬೇರೆ ನಾಡುಗಳಲ್ಲಿ ಅದಕ್ಕೆ ಮೊದಲೇ ಆರಂಭವಾಗಿದ್ದಿತು. ಲಂಡನ್ನಿನ ರಾಯಲ್ ಇನ್ಸ್‌ಟಿಟ್ಯೂಷನ್ನಿನಲ್ಲಿ 1825ರಿಂದ ಕ್ರಿಸ್‌ಮಸ್ ಸಮಯದಲ್ಲಿ ಎಳೆಯರಿಗಾಗಿ ವಿಜ್ಞಾನೋಪನ್ಯಾಸಗಳು ನಡೆಯತೊಡಗಿದವು; ವಿದ್ಯುಚ್ಛಕ್ತಿಯ ರಹಸ್ಯಗಳನ್ನು ಕಂಡುಹಿಡಿದ ಫ್ಯಾರಡೆಯಂಥವರೇ ಮೇಣದ ಬತ್ತಿ ಉರಿಯುವ ಬಗೆಯನ್ನು ಮಕ್ಕಳಿಗೆ ತಿಳಿಯಾಗಿ ಹೇಳಿದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯ 1873ರಿಂದ ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಕಾಲೇಜಿನ ಮೆಟ್ಟಿಲು ಹತ್ತಲಾರದ ಹೆಂಗಸರಿಗೂ ಕೆಲಸಗಾರರಿಗೂ ಉಪನ್ಯಾಸಗಳನ್ನು ಏರ್ಪಡಿಸಿತು. ಆದರೆ ಅಲ್ಲಿಯ ಉಪನ್ಯಾಸಕರಿಗೆ ಇಲ್ಲದ ಒಂದು ಕಷ್ಟ ನಮ್ಮವರಿಗೆ ಇದ್ದಿತು. ಅವರು ಕಲಿತ ಭಾಷೆಯೂ ಜನರ ಭಾಷೆಯೂ ಒಂದೇ. ನಮ್ಮಲ್ಲಿ ಕಲಿತದ್ದು ಇಂಗ್ಲಿಷಿನಲ್ಲಿ, ಹೇಳಬೇಕಾದದ್ದು ಕನ್ನಡದಲ್ಲಿ. ಹೇಳಹೊರಟವನಿಗೆ ಹೆಜ್ಜೆಹೆಜ್ಜೆಗೂ ಶಬ್ದದ ಬಡತನ. ಉಪನ್ಯಾಸಕನು ವಿಷಯವನ್ನು ಬಲ್ಲವನಾದರೆ ಸಾಲದು, ಭಾಷೆಯನ್ನು ಕಟ್ಟುವವನೂ ಆಗಬೇಕಾಗಿದ್ದಿತು.

ಈ ಹೊರೆಯನ್ನು ಹೊತ್ತವರಲ್ಲಿ ಶ್ರೀಕಂಠಯ್ಯನವರು ಒಬ್ಬಂಟಿಗರಾಗಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ 1918ರಲ್ಲಿ ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಹೆಚ್ಚು ಕಾಲ ನಡೆಯಲಿಲ್ಲವಾದರೂ ಬೆಳಕು, ಶಾಖ, ರೋಗ, ಗೊಬ್ಬರಗಳ ವಿಚಾರವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟಿತು. ಅದೇ ವೆಂಕಟನಾರಣಪ್ಪನವರು ಪಂಪಭಾರತವನ್ನು ಸಂಪಾದಿಸಿದರು; 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅದೇ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಪ್ರಬುದ್ಧ ಕರ್ನಾಟಕವನ್ನು ಆರಂಭಿಸಿದರು. ವಿಜ್ಞಾನಿಯು ಕಾವ್ಯವನ್ನು ಶೋಧಿಸುತ್ತಿದ್ದ, ಇಂಗ್ಲಿಷ್ ಪಂಡಿತನು ಕನ್ನಡಕ್ಕೆ ಛಂದಸ್ಸನ್ನು ಹುಡುಕುತ್ತಿದ್ದ ಕಾಲ ಅದು. ಅವರಿಗೆ ವಿಜ್ಞಾನ ಬೇರೆ, ಸಾಹಿತ್ಯ ಬೇರೆ ಎಂಬ ಗೋಡೆಯಿರಲಿಲ್ಲ. ಎರಡೂ ಕನ್ನಡಕ್ಕೆ ಬರಬೇಕೆಂಬುದೊಂದೇ ಹಂಬಲ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಶ್ರೀಕಂಠಯ್ಯನವರು 1926ರಿಂದ 1930ರವರೆಗೆ ಅದರ ರಿಜಿಸ್ಟ್ರಾರರಾಗಿದ್ದರು. ಈ ಅವಧಿಯಲ್ಲಿಯೇ, 1927ರಲ್ಲಿ, ಕನ್ನಡ ಎಂ. ಎ. ತರಗತಿ ಪ್ರಾರಂಭವಾಯಿತು. ಇಂಗ್ಲಿಷ್ ಪ್ರಾಧ್ಯಾಪಕರಾದ ಅವರು ಕನ್ನಡಕ್ಕೂ ಗೌರವ ಪ್ರಾಧ್ಯಾಪಕರಾಗಿ ದುಡಿದರು. ಕುವೆಂಪು, ಡಿ. ಎಲ್. ನರಸಿಂಹಾಚಾರ್ಯರು ಮೊದಲ ತಂಡದ ವಿದ್ಯಾರ್ಥಿಗಳು. ಆಶ್ರಮದಲ್ಲಿ ಮಕ್ಕಳನ್ನು ಸಾಕಿದ ಕಣ್ವಮುನಿಯಂತೆ ಶಿಷ್ಯರನ್ನು ಪೋಷಿಸಿದರೆಂದೇ ನಾಡು ಅವರನ್ನು ಕನ್ನಡದ ಕಣ್ವರೆಂದು ಕರೆಯಿತು. ಇದೇ ವರ್ಷಗಳಲ್ಲಿ ಇಂಗ್ಲಿಷ್ ಗೀತಗಳು, ಗದಾಯುದ್ಧ ನಾಟಕಂ, ಅಶ್ವತ್ಥಾಮನ್ ಕೃತಿಗಳು ಬಂದವು. 1935ರಲ್ಲಿ ಪಾರಸಿಕರು ಬಂದಿತು. ಗ್ರೀಕರ ರುದ್ರನಾಟಕದ ಗಾಂಭೀರ್ಯ ಕನ್ನಡಕ್ಕೆ ಸಲ್ಲುವುದೆಂದು ಅವರು ವೇದಿಕೆಯ ಮೇಲೆ ಹೇಳಿ ಸುಮ್ಮನಾಗಲಿಲ್ಲ, ಬರೆದು ತೋರಿಸಿದರು.

1928ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕಲಬುರ್ಗಿ ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಅದೇ ಸಂಸ್ಥಾನದಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಭಾಷಾಂತರ ಶಾಖೆಯೊಂದನ್ನು ತೆರೆದು, ಗಣಿತ, ವಿಜ್ಞಾನ, ಇತಿಹಾಸಗಳನ್ನೆಲ್ಲ ಉರ್ದುವಿನಲ್ಲಿ ಬೋಧಿಸುತ್ತಿದ್ದಿತು. ಭಾರತದ ಭಾಷೆಯೊಂದು ಉನ್ನತ ವಿದ್ಯೆಯ ಭಾರವನ್ನು ಹೊರಬಲ್ಲದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಅಲ್ಲಿದ್ದಿತು. ಆದರೆ ಅಲ್ಲಿಯ ಕನ್ನಡಿಗರಿಗೆ ಉರ್ದುವೂ ಇಂಗ್ಲಿಷಿನಷ್ಟೇ ದೂರ. ಒಂದು ಭಾಷೆಗೆ ಸಿಕ್ಕ ಅರಸೊತ್ತಿಗೆಯ ಆಶ್ರಯ ಇನ್ನೊಂದಕ್ಕೆ ಸಿಗದೆಹೋದಾಗ ಅದನ್ನು ಜನರೇ ಪೋಷಿಸಬೇಕಾಗುತ್ತದೆ.

ಜನರಿಂದ ಆಗುವ ಆ ಪೋಷಣೆ ಹೇಗಿರಬೇಕೆಂಬುದನ್ನು ಶ್ರೀಕಂಠಯ್ಯನವರು 1938ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾದ ಮೇಲೆ ತೋರಿಸಿದರು. ಪರಿಷತ್ತು ಪಂಡಿತರ ಕೂಟವಾಗಿ ಮಾತ್ರ ಉಳಿಯಬಾರದೆಂದು ಅವರು ಕನ್ನಡ ನುಡಿ ಪತ್ರಿಕೆಯನ್ನು ಹೊರಡಿಸಿದರು, ಮಹಿಳಾ ಶಾಖೆಯನ್ನು ತೆರೆದರು, ಗಮಕ ತರಗತಿಗಳನ್ನು ನಡೆಸಿದರು, ಕಾವ, ಜಾಣ ಎಂಬ ಪರೀಕ್ಷೆಗಳನ್ನು ಏರ್ಪಡಿಸಿದರು, ಪರಿಷತ್ತಿಗೆ ಸ್ವಂತ ಅಚ್ಚುಕೂಟವನ್ನು ಕಟ್ಟಿದರು. ಊರುಗಳಲ್ಲಿ ವಸಂತ ಸಾಹಿತ್ಯೋತ್ಸವಗಳು ನಡೆದು ಜನರು ಉಪನ್ಯಾಸ, ಕಾವ್ಯವಾಚನಗಳನ್ನು ಕೇಳಿದರು. ಇತ್ತ ಮೈಸೂರು ವಿಶ್ವವಿದ್ಯಾನಿಲಯವೂ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ವಿಜ್ಞಾನ, ಚರಿತ್ರೆ, ಅರ್ಥಶಾಸ್ತ್ರ, ಸಾಹಿತ್ಯಗಳನ್ನು ಕುರಿತ ಆ ಉಪನ್ಯಾಸಗಳನ್ನು ಪ್ರಚಾರ ಪುಸ್ತಕಮಾಲೆಯಲ್ಲಿ ಚಿಕ್ಕ ಹೊತ್ತಗೆಗಳಾಗಿ ಪ್ರಕಟಿಸಿತು. ಶಬ್ದದ ಬಡತನಕ್ಕೆ ಮದ್ದಾಗಿ ವಿಶ್ವವಿದ್ಯಾನಿಲಯವು ಕೈಗೊಂಡ ಇಂಗ್ಲಿಷ್–ಕನ್ನಡ ನಿಘಂಟಿನ ಸಂಪಾದನೆಯಲ್ಲಿ ಶ್ರೀಕಂಠಯ್ಯನವರು ಪ್ರಮುಖ ಹೊಣೆ ಹೊತ್ತಿದ್ದರು.

ನಿವೃತ್ತರಾದ ಮೇಲೆ ಮನೆಯಲ್ಲಿ ವಿಶ್ರಮಿಸಬಹುದಾಗಿದ್ದ ವಯಸ್ಸಿನಲ್ಲಿ, 1944ರಲ್ಲಿ, ಅವರು ಧಾರವಾಡದಲ್ಲಿ ಹೊಸದಾಗಿ ತೆರೆದ ಕರ್ನಾಟಕ ಎಜುಕೇಷನ್ ಬೋರ್ಡಿನ ಕಲಾ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. ಮೊದಲ ಮಹದುಪನ್ಯಾಸ ಮಾಡಿದ ಊರಿಗೇ ಕಡೆಯ ದುಡಿಮೆಯೂ ಸಂದಿತು. 1946ರ ಜನವರಿ 5ರಂದು, ಅರುವತ್ತೆರಡು ತುಂಬಿದ ಎರಡನೆಯ ದಿನ, ಅವರು ಧಾರವಾಡದಲ್ಲಿಯೇ ಕಾಲವಶರಾದರು. ಅವರು ದುಡಿದ ನಿಘಂಟು ಅದೇ ವರ್ಷ ಪ್ರಕಟವಾಯಿತು. ಕರ್ನಾಟಕದ ಏಕೀಕರಣವನ್ನು ಅವರು ಕಾಣಲಿಲ್ಲ. ಅವರ ಶಿಷ್ಯರಾದ ಕುವೆಂಪು ಅವರು 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ, ಅಧ್ಯಯನಾಂಗ, ಸಂಶೋಧನಾಂಗಗಳ ಜೊತೆಗೆ ಪ್ರಸಾರಾಂಗಕ್ಕೆ ಸಮಾನ ಸ್ಥಾನ ಕೊಟ್ಟರು. ಜನರಿಗೆ ಉಪನ್ಯಾಸ, ಜನರ ಕೈಗೆ ಅಗ್ಗದ ಪುಸ್ತಕ ಎಂಬ ಗುರುವಿನ ಆಶಯ ವಿಶ್ವವಿದ್ಯಾನಿಲಯದ ನಿತ್ಯಕರ್ತವ್ಯವಾಯಿತು.

ಇನ್ನು ಈ ಚರಿತೆಯಿಂದ ನಾವು ಪಡೆಯಬೇಕಾದುದೇನು? ನಮ್ಮ ಸೀಮೆಗೂ ಮೈಸೂರಿಗೂ ಗಡಿಗೆರೆ ಹಲವು ಸಲ ಬದಲಾಗಿದೆ. 1799ರವರೆಗೆ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲಿದ್ದಿತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. 1979ರಲ್ಲಿ ಈರೋಡು ಸೀಮೆ ಪ್ರತ್ಯೇಕ ಜಿಲ್ಲೆಯಾಗಿ ತಾಳವಾಡಿ ಅಲ್ಲಿಗೆ ಹೋಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆ ಹುಟ್ಟಿತು. ಗೆರೆ ಎಲ್ಲಿ ಬಿದ್ದರೂ ಮಗ್ಗದ ಮನೆಗಳಲ್ಲಿ, ಒಕ್ಕಲು ಮನೆಗಳಲ್ಲಿ ಕನ್ನಡ ಉಳಿದಿದೆ. ಆದರೆ ಅದು ಎಂಥ ಕನ್ನಡವಾಗಿ ಉಳಿದಿದೆ ಎಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಅಡುಗೆಮನೆಗೆ, ಹಬ್ಬಕ್ಕೆ, ಮದುವೆಯ ಹಾಡಿಗೆ ಕನ್ನಡ. ಆಸ್ಪತ್ರೆ, ಕಾನೂನು, ವ್ಯವಸಾಯ, ವಿಜ್ಞಾನಗಳಿಗೆ ಬೇರೆ ಭಾಷೆ. 1911ರಲ್ಲಿ ಮೈಸೂರಿನ ವಿದ್ಯಾವಂತರ ಮನೆಯಲ್ಲಿ ಕನ್ನಡಕ್ಕಿದ್ದ ಸ್ಥಿತಿ ಇಂದು ನಮ್ಮ ಮನೆಗಳಲ್ಲಿದೆ. ವಿಚಾರ ಮಾಡಲು ಬಾರದ ಭಾಷೆಯನ್ನು ಮಕ್ಕಳು ಅಭಿಮಾನಕ್ಕಾಗಿ ಮಾತ್ರ ಬಹುಕಾಲ ಹೊತ್ತುಕೊಂಡು ಹೋಗಲಾರರು.

ಹಾಗೆಂದು ವಿಷಯಗಳಿಗೆ ಇಲ್ಲಿ ಕೊರತೆಯಿಲ್ಲ. 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾದ ಕಬ್ಬಿನ ತಳಿಕೇಂದ್ರದಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ನರು ನಾಡಕಬ್ಬನ್ನು ಕಾಡುಜಾತಿಯ ಹುಲ್ಲಿನೊಡನೆ ಸಂಕರಗೊಳಿಸಿ ಪಡೆದ ಕೊ 205 ಎಂಬ ತಳಿ 1918ರಲ್ಲಿ ಹೊರಬಂದು ಉತ್ತರ ಭಾರತದ ಹೊಲಗಳನ್ನು ತುಂಬಿತು. ತಳಿಯ ಹೆಸರಿನ ಮೊದಲ ಅಕ್ಷರವೇ ನಮ್ಮ ಊರಿನದು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ನೀರಿನಿಂದ ನೊಯ್ಯಲ್ ನದಿ ಕೆಟ್ಟು, 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು. ಇದರಲ್ಲಿ ರಸಾಯನಶಾಸ್ತ್ರವುಂಟು, ಕಾನೂನುಂಟು, ದುಡಿಯುವವರ ಅರ್ಥಶಾಸ್ತ್ರವುಂಟು. ಇವನ್ನು ಬಲ್ಲವರು ನಮ್ಮ ಮನೆಗಳಲ್ಲಿಯೇ ಬೆಳೆದ ವೈದ್ಯರಲ್ಲಿ, ಎಂಜಿನಿಯರರಲ್ಲಿ, ಅಧ್ಯಾಪಕರಲ್ಲಿ ಇದ್ದಾರೆ. ಅವರು ಕನ್ನಡದಲ್ಲಿ ಹೇಳಿ ಅಭ್ಯಾಸವಿಲ್ಲ. ನಾವು ಕೇಳಿ ಅಭ್ಯಾಸವಿಲ್ಲ.

ತಮಿಳಿನ ಮೇಲೆ ನಮಗೆ ಮುನಿಸಿಲ್ಲ. ಅದು ನಮಗೆ ಅನ್ನ ಕೊಡುವ ನೆಲದ ಮಾತು, ಸಮೃದ್ಧವಾದ ಪ್ರಾಚೀನ ಭಾಷೆ. ತಮಿಳು ಮನೆಮಾತಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕನ್ನಡದ ಆಸ್ತಿಯಾದರು. ಇಂಗ್ಲಿಷನ್ನು ಪ್ರೀತಿಸಿ ಬೋಧಿಸಿದ ಶ್ರೀಕಂಠಯ್ಯನವರು ಕನ್ನಡದ ಆಚಾರ್ಯರಾದರು. ಒಂದು ಭಾಷೆಯ ಮೇಲಣ ಪ್ರೀತಿ ಮತ್ತೊಂದನ್ನು ತೊರೆಯಬೇಕೆಂದು ಕೇಳುವುದಿಲ್ಲ. ನಮ್ಮ ಮಕ್ಕಳು ತಮಿಳನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಕಲಿತದ್ದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಬಲ್ಲವರಾಗಲಿ.

ಆದುದರಿಂದ ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ನಾಡಹಬ್ಬ, ಸಂಗೀತ, ನಾಟಕಗಳು ಎಂದಿನಂತೆ ನಡೆಯಲಿ. ಅವುಗಳ ಜೊತೆಗೆ ವರ್ಷಕ್ಕೆ ನಾಲ್ಕು ಸಂಜೆಗಳನ್ನಾದರೂ ಉಪನ್ಯಾಸಕ್ಕೆ ಮೀಸಲಿಡೋಣ: ಒಂದು ವಿಜ್ಞಾನ, ಒಂದು ಆರೋಗ್ಯ, ಒಂದು ಚರಿತ್ರೆ, ಒಂದು ಸಾಹಿತ್ಯ. ಕೇಳುವವರು ಮೊದಲು ಹತ್ತೇ ಮಂದಿಯಾದರೂ ಚಿಂತೆಯಿಲ್ಲ. ಉಪನ್ಯಾಸ ಮುಗಿದ ಮೇಲೆ ಅದನ್ನು ನಾಲ್ಕು ಪುಟವಾಗಿ ಅಚ್ಚುಹಾಕಿಸಿ ಮನೆಮನೆಗೆ ತಲುಪಿಸೋಣ. ಶ್ರೀಕಂಠಯ್ಯನವರ ಹೆಸರಿನಲ್ಲಿ 1979ರಲ್ಲಿ ಬೆಂಗಳೂರಿನಲ್ಲಿ ಸ್ಮಾರಕ ಪ್ರತಿಷ್ಠಾನವೊಂದು ಸ್ಥಾಪಿತವಾಯಿತು. ಗಡಿಯ ಈಚೆಗಿನ ನಾವು ಆ ಮಹನೀಯರಿಗೆ ಸಲ್ಲಿಸಬಹುದಾದ ಸ್ಮಾರಕವೆಂದರೆ ಈ ನಾಲ್ಕು ಸಂಜೆಗಳು.