ನಾದವನ್ನು ಅಳೆದ ಸರ್ ಸಿ. ವಿ. ರಾಮನ್

ಸರ್ ಸಿ. ವಿ. ರಾಮನ್ ಎಂದೊಡನೆ ನಮ್ಮ ಶಾಲೆಯ ಯಾವ ವಿದ್ಯಾರ್ಥಿಯಾದರೂ ಬೆಳಕು, ನೊಬೆಲ್ ಪಾರಿತೋಷಕ, ಫೆಬ್ರುವರಿ 28 ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಅದು ಸರಿಯೇ. ಆದರೆ ಆ ಮಹನೀಯರು ಬೆಳಕಿನತ್ತ ತಿರುಗುವ ಮುನ್ನ ಬಹುಕಾಲ ನಾದದ ಬೆನ್ನು ಹತ್ತಿದ್ದರು. ಒಂದು ಘನವಸ್ತು ಇನ್ನೊಂದನ್ನು ತಾಕುವ ಕ್ಷಣದಲ್ಲಿ ಏನು ನಡೆಯುತ್ತದೆಂದು ಹುಡುಕಿದ್ದರು. ಪಠ್ಯಪುಸ್ತಕಗಳಲ್ಲಿ ಈ ಮಾತು ಅಷ್ಟಾಗಿ ಬರುವುದಿಲ್ಲ. ತಂಬೂರಿಯ ಊರಿನವರಾದ ನಮಗೆ ಅವರ ಜೀವನದ ಈ ಭಾಗವೇ ಹೆಚ್ಚು ಹತ್ತಿರದ್ದೆಂದು ನನ್ನ ಭಾವನೆ.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಕಾಲೇಜಿನಲ್ಲಿ ಗಣಿತ ಹಾಗೂ ಭೌತಶಾಸ್ತ್ರದ ಅಧ್ಯಾಪಕರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಹದಿನೆಂಟರ ಹರೆಯದಲ್ಲಿ ಎಂ.ಎ. ಮುಗಿಸಿ, 1907ರಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲಕತ್ತೆಗೆ ಹೋದರು. ಅಲ್ಲಿನ ಬೌಬಜಾರ್ ರಸ್ತೆಯಲ್ಲಿ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆಯೊಂದು ಅವರ ಕಣ್ಣಿಗೆ ಬಿತ್ತು. ಕಚೇರಿಗೆ ಹೋಗುವ ಮುನ್ನ, ಕಚೇರಿ ಬಿಟ್ಟ ಮೇಲೆ ಅಲ್ಲಿಯೇ ವಾಸ. ಆಶುತೋಷ ಡೇ ಎಂಬ ಸಹಾಯಕರೊಬ್ಬರ ನೆರವಿನಿಂದ ಹತ್ತು ವರ್ಷ ಹೀಗೆಯೇ ದುಡಿದರು. 1917ರಲ್ಲಿ ಹಿರಿಯ ಅಧಿಕಾರಿಯ ಪದವಿಯನ್ನು ತೊರೆದು ಅದಕ್ಕಿಂತ ಬಹಳ ಕಡಿಮೆ ವೇತನದ ಪ್ರಾಧ್ಯಾಪಕ ವೃತ್ತಿಯನ್ನು ಒಪ್ಪಿದರು. ಅಂದಿನ ಎಷ್ಟು ಮನೆಗಳಲ್ಲಿ ಹಿರಿಯರು ಇಂಥದಕ್ಕೆ ಸಮ್ಮತಿಸುತ್ತಿದ್ದರು?

ಎರಡು ಗುಂಡುಗಳು ಡಿಕ್ಕಿ ಹೊಡೆದು ಪುಟಿದಾಗ ಅವು ಎಷ್ಟು ವೇಗದಿಂದ ಹಿಂದಕ್ಕೆ ಸರಿಯುತ್ತವೆ? ಬಂದ ವೇಗಕ್ಕೂ ಹೋದ ವೇಗಕ್ಕೂ ಇರುವ ಪ್ರಮಾಣವು ಆಯಾ ವಸ್ತುವಿಗೆ ಸ್ಥಿರವೆಂದು ಹಳೆಯ ಪಾಠ. ರಾಮನ್ನರು 1918ರಲ್ಲಿ ಅತಿ ಮಂದವಾದ ಡಿಕ್ಕಿಗಳ ಛಾಯಾಚಿತ್ರ ತೆಗೆದು ಅಳೆದರು. ಡಿಕ್ಕಿ ಮೃದುವಾದಷ್ಟೂ ಪುಟಿತವು ಪೂರ್ಣಕ್ಕೆ ಸಮೀಪಿಸುತ್ತದೆಂದು ಕಂಡುಬಂದಿತು. 1920ರಲ್ಲಿ ಫಲಕದ ಮೇಲೆ ಗುಂಡು ಬೀಳಿಸುವ ವಿಷಯವನ್ನೂ ಬಿಡಿಸಿದರು: ಫಲಕ ತೆಳುವಾಗಿದ್ದರೆ ಪೆಟ್ಟಿನ ಶಕ್ತಿಯ ಒಂದಂಶ ಅಲೆಯಾಗಿ ಹರಿದುಹೋಗುತ್ತದೆ, ಗುಂಡು ಕಡಿಮೆ ಪುಟಿಯುತ್ತದೆ. ಇದಕ್ಕೆ ಅವರು ಆಧಾರವಾಗಿಟ್ಟುಕೊಂಡದ್ದು ಜರ್ಮನಿಯ ಹರ್ಟ್ಸ್ ಎಂಬ ವಿಜ್ಞಾನಿ 1882ರಲ್ಲಿ ಪ್ರಕಟಿಸಿದ ಸ್ಪರ್ಶ ಸಿದ್ಧಾಂತವನ್ನು.

ಅದೇ ಕಾಲದಲ್ಲಿ ಅವರ ಕಿವಿ ನಮ್ಮ ವಾದ್ಯಗಳತ್ತ ಹೊರಳಿತು. ಪತ್ನಿ ಲೋಕಸುಂದರಿಯವರು ವೀಣೆ ನುಡಿಸುತ್ತಿದ್ದರು. ಮಿಡಿದ ಜಾಗದಲ್ಲಿ ಯಾವ ಉಪಸ್ವರಕ್ಕೆ ಚಲನೆಯೇ ಇಲ್ಲವೋ ಆ ಉಪಸ್ವರ ಕೇಳಿಸಬಾರದೆಂಬುದು ಯೂರೋಪಿನ ಪಂಡಿತರ ನಿಯಮ. ವೀಣೆ ತಂಬೂರಿಗಳಲ್ಲಿ ಅದು ಗಟ್ಟಿಯಾಗಿಯೇ ಕೇಳಿಸುತ್ತದೆಂದು ರಾಮನ್ನರು 1921ರಲ್ಲಿ ತೋರಿಸಿದರು. ಗುಟ್ಟೆಲ್ಲ ಕುದುರೆಯಲ್ಲಿದೆ. ಅದರ ಬೆನ್ನು ಚೂಪಾಗಿರದೆ ಅಗಲವಾಗಿ ಬಾಗಿದೆ. ತಂತಿ ಅದನ್ನು ತಾಕುತ್ತ, ಬಿಡುತ್ತ ಮಿಡಿಯುತ್ತದೆ. ತಂಬೂರಿಯಲ್ಲಿ ತಂತಿಯ ಕೆಳಗೆ ಸರಿಸುವ ದಾರದ ಎಳೆಯೂ ಇದೇ ಕಾರ್ಯಕ್ಕಾಗಿ. ನಮ್ಮೂರಿನ ಸತಾರಮೇಕರ ಮನೆತನಗಳು ಹತ್ತೊಂಬತ್ತನೆಯ ಶತಮಾನದಿಂದ ಜವಾರಿ ತೆಗೆಯುವಾಗ ಮಾಡುತ್ತ ಬಂದಿರುವುದು ಇದನ್ನೇ: ಕುದುರೆಯನ್ನು ಕೂದಲೆಳೆಯಷ್ಟು ಉಜ್ಜಿ, ಕಿವಿಯಿಂದ ಪರೀಕ್ಷಿಸುವುದು. 2024ರಲ್ಲಿ ಮಿರಜಿನ ಸಿತಾರ ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ನನಗೆ ರಾಮನ್ನರ ನೆನಪೇ ಆಯಿತು.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. ಅಲ್ಲಿ ನಾದ ಮತ್ತೆ ಅವರನ್ನು ಕರೆಯಿತು. ಈ ಬಾರಿ ಕಿವಿಗೆ ಕೇಳಿಸದ ನಾದ. ಶ್ರವಣಾತೀತ ಧ್ವನಿ ದ್ರವದೊಳಗೆ ಸಾಗುವಾಗ ಅದರಲ್ಲಿ ದಟ್ಟ, ವಿರಳ ಪದರಗಳು ಏಳುತ್ತವೆ. ಅದನ್ನು ಹಾದುಬರುವ ಬೆಳಕಿನ ಅಲೆ ತಗಡಿನ ಶೀಟಿನಂತೆ ಸುಕ್ಕುಗಟ್ಟಿ ಹಲವು ಕಿರಣಗಳಾಗಿ ಒಡೆಯುತ್ತದೆ. 1935-36ರಲ್ಲಿ ತರುಣ ನಾಗೇಂದ್ರನಾಥರೊಡನೆ ಅವರು ಇದರ ಗಣಿತವನ್ನು ಬಿಡಿಸಿದರು. ರಾಮನ್-ನಾಥ್ ಸಿದ್ಧಾಂತವೆಂಬ ಹೆಸರು ಇಂದಿಗೂ ಉಳಿದಿದೆ. ಆ ದಿನಗಳಲ್ಲಿಯೇ ಸಂಸ್ಥೆಯಲ್ಲಿ ಕಲಹವೆದ್ದು 1937ರಲ್ಲಿ ಅವರು ನಿರ್ದೇಶಕ ಸ್ಥಾನವನ್ನು ಬಿಡಬೇಕಾಯಿತು. ಅವರ ನಾಲಿಗೆಯೂ ಸ್ವಲ್ಪ ಹರಿತವಾದದ್ದೇ. ಆದರೂ ಊರು ಬಿಡದೆ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದು, ಆ ಬಳಿಕ ತಮ್ಮದೇ ಸಂಶೋಧನಾಲಯದಲ್ಲಿ ಕೊನೆಯವರೆಗೂ ದುಡಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅದರ ತೋಟದಲ್ಲಿಯೇ ಅವರ ದಹನವಾಯಿತು.

ಸ್ಪರ್ಶ ಮತ್ತು ಶ್ರವಣಾತೀತ ಧ್ವನಿ ಎರಡನ್ನೂ ಬಲ್ಲ ರಾಮನ್ನರು ಅವೆರಡನ್ನು ಜೋಡಿಸಲಿಲ್ಲ. ಹರ್ಟ್ಸನ ಲೆಕ್ಕ ನುಣುಪಾದ ಮೈಗಳಿಗೆ ಮಾತ್ರ ಸಲ್ಲುವಂಥದು. ಎಷ್ಟೇ ಉಜ್ಜಿದ ಉಕ್ಕಾದರೂ ಸೂಕ್ಷ್ಮದಲ್ಲಿ ಒರಟೇ. ಒಂದರ ಮೇಲೊಂದಿಟ್ಟ ಖಡಕ್ ರೊಟ್ಟಿಗಳು ಉಬ್ಬುಗಳಲ್ಲಿ ಮಾತ್ರ ತಾಕುವಂತೆ ಎರಡು ಲೋಹಗಳೂ ತುದಿತುದಿಗಳಲ್ಲಿಯೇ ತಾಕುತ್ತವೆ. ಕೈಯಿಂದ ಒತ್ತಿದರೆ ರೊಟ್ಟಿಗಳು ಇನ್ನಷ್ಟು ಕಡೆ ತಾಕಿ, ಮುಂದಕ್ಕೆ ಒತ್ತಲು ಹೆಚ್ಚು ಬಲ ಬೇಡುತ್ತವೆ. ಇದೇ ಸ್ಪರ್ಶದ ಬಿಗುವು. ಅದನ್ನು ಬಿಚ್ಚಿ ನೋಡದೆ ಅಳೆಯುವುದು ಹೇಗೆ? ಒಂದು ಲೋಹದಿಂದ ಶ್ರವಣಾತೀತ ಧ್ವನಿಯನ್ನು ಕಳಿಸಿದರೆ, ತಾಕಿದಲ್ಲಿ ಅದು ದಾಟುತ್ತದೆ, ಗಾಳಿಯ ಸಂದಿದ್ದಲ್ಲಿ ಮರಳುತ್ತದೆ. ಮರಳಿದ ಪಾಲು ಕಡಿಮೆಯಾದಷ್ಟೂ ಬಿಗುವು ಹೆಚ್ಚು. ರಾಮನ್ನರು ತೀರಿದ ಮರುವರ್ಷ, 1971ರಲ್ಲಿ, ಇಂಗ್ಲೆಂಡಿನ ಕೆಂಡಾಲ್ ಮತ್ತು ಟೇಬರ್ ಇಂಥ ಪ್ರಯೋಗದ ವಿವರಗಳನ್ನು ಪ್ರಕಟಿಸಿದರು. ಮಿರಜ ಜಂಕ್ಷನ್ನಿನಲ್ಲಿ ನಾವು ದಿನವೂ ಕಾಣುವ ರೈಲುಗಾಲಿಯು ಹಳಿಯನ್ನು ತಾಕುವ ಆ ಸಣ್ಣ ಜಾಗವನ್ನೂ ಪ್ರಯೋಗಶಾಲೆಗಳಲ್ಲಿ ಈ ವಿಧಾನದಿಂದಲೇ ಅಳೆದಿದ್ದಾರೆ.